ಹೆಲ್ಮೆಟ್ ಇಲ್ಲದ ಕಾಲದ ಗೋಲ್‌ಕೀಪರ್

ಹಾಕಿಯಲ್ಲಿ ಗೋಲು ಹೊಡೆದವರ ಹೆಸರು ಅಂಕಪಟ್ಟಿಯಲ್ಲಿ ಉಳಿಯುತ್ತದೆ. ಗೋಲು ತಡೆದವರ ಲೆಕ್ಕವನ್ನು ಇಟ್ಟವರು ಕಡಿಮೆ. 2025ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ತೀರಿಕೊಂಡ ಮ್ಯಾನುಯಲ್ ಫ್ರೆಡರಿಕ್ ಅಂಥ ತಡೆಯುವ ಕೆಲಸದಲ್ಲೇ ಆಟದ ಬದುಕನ್ನು ಕಳೆದವರು. ಅವರು ಸೈನಿಕರೂ ಆಗಿದ್ದರು.

ಅವರ ಊರು ನಮ್ಮ ಕೊಡಗಿನ ಗಡಿಗೆ ಹೊಂದಿಕೊಂಡ ಕಣ್ಣೂರು ಜಿಲ್ಲೆಯದು. ಹುಟ್ಟಿದ್ದು ಸ್ವಾತಂತ್ರ್ಯ ಬಂದ ವರ್ಷ, 1947ರ ಅಕ್ಟೋಬರ್ 20ರಂದು, ಕಣ್ಣೂರು ದಂಡುಪ್ರದೇಶದ ಬರ್ನಶ್ಶೇರಿಯಲ್ಲಿ. ಮೊದಲು ಹಿಡಿದದ್ದು ಫುಟ್‌ಬಾಲ್. ಹದಿಹರೆಯದಲ್ಲೇ ಸೇನೆಗೆ ಸೇರಿದ ಮೇಲೆ ಬೆಂಗಳೂರಿನ ಆರ್ಮಿ ಸರ್ವಿಸ್ ಕೋರ್ ಅವರ ಹಾಕಿಯ ಪಾಠಶಾಲೆಯಾಯಿತು. ಓದು, ಉದ್ಯೋಗ, ಆಟ ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳಲಾಗದ ಬಡ ಮನೆಯ ಹುಡುಗರಿಗೆ ಆ ಕಾಲದಲ್ಲಿ ಸೇನೆ ಕೊಟ್ಟದ್ದು ದೊಡ್ಡ ಆಸರೆ: ಹೊಟ್ಟೆತುಂಬ ಊಟ, ಸಮಯಕ್ಕೆ ಸರಿಯಾಗಿ ಅಭ್ಯಾಸ, ಆಡಲು ಒಂದು ತಂಡ.

ಅಂದಿನ ಗೋಲ್‌ಕೀಪರ್ ಎಂದರೆ ಏನು ಎಂಬುದನ್ನು ಇಂದಿನವರು ಊಹಿಸುವುದು ಕಷ್ಟ. 12 ಅಡಿ ಅಗಲ, 7 ಅಡಿ ಎತ್ತರದ ಗೋಲು. ಸುಮಾರು 160 ಗ್ರಾಂ ತೂಕದ ಗಟ್ಟಿ ಚೆಂಡು. ಕಾಲಿಗೆ ಪ್ಯಾಡು, ಕೈಗೆ ಗವಸು ಉಂಟು. ಮುಖಕ್ಕೆ ಏನೂ ಇಲ್ಲ. ಹುಲ್ಲಿನ ಮೈದಾನದಲ್ಲಿ ಚೆಂಡು ಎಲ್ಲಿ ಪುಟಿದು ಯಾವ ಕಡೆ ತಿರುಗುತ್ತದೆಂದು ಹೇಳುವಂತಿರಲಿಲ್ಲ. ಅದರ ಎದುರು ಬರಿಮುಖದಲ್ಲಿ ನಿಲ್ಲುವುದಕ್ಕೆ ಸೈನಿಕನ ಎದೆಗಾರಿಕೆ ಬೇಕಿತ್ತು.

1972ರ ಮ್ಯೂನಿಕ್ ಒಲಿಂಪಿಕ್ಸ್ ತಂಡದ ಇಬ್ಬರು ಗೋಲ್‌ಕೀಪರ್‌ಗಳಲ್ಲಿ ಫ್ರೆಡರಿಕ್ ಒಬ್ಬರು. ಇನ್ನೊಬ್ಬರು ಚಾರ್ಲ್ಸ್ ಕಾರ್ನೆಲಿಯಸ್. ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಕೂಡ ಆ ತಂಡದಲ್ಲಿದ್ದರು. ಗಣೇಶ್ ಸಹ ಸೇನೆಯಿಂದಲೇ ಬಂದವರು. ಇಸ್ರೇಲಿ ಕ್ರೀಡಾಪಟುಗಳ ಹತ್ಯೆಯಿಂದ ಮಸುಕಾದ ಆ ಕೂಟದಲ್ಲಿ ಭಾರತ ಸೆಮಿಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಸೋತು, ನೆದರ್ಲೆಂಡ್ಸ್ ತಂಡವನ್ನು 2-1ರಿಂದ ಮಣಿಸಿ ಕಂಚು ಪಡೆಯಿತು. ಮರುವರ್ಷ ವಿಶ್ವಕಪ್‌ನಲ್ಲಿ ಅದೇ ನೆದರ್ಲೆಂಡ್ಸ್ ಎದುರು ಫೈನಲ್ 2-2ರಲ್ಲಿ ನಿಂತು, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಕಪ್ಪು ಕೈತಪ್ಪಿತು. ಬೆಳ್ಳಿ ಗೆದ್ದ ಆ ತಂಡದಲ್ಲೂ ಫ್ರೆಡರಿಕ್ ಇದ್ದರು.

ಒಲಿಂಪಿಕ್ ಪದಕ ಗೆದ್ದ ಮೊದಲ ಕೇರಳಿಗ ಎಂಬ ಹೆಗ್ಗಳಿಕೆ ಅವರದು. ಆದರೆ ಅರ್ಜುನ ಪ್ರಶಸ್ತಿ ಬರಲಿಲ್ಲ. ಧ್ಯಾನಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ. ಮ್ಯೂನಿಕ್ ಪದಕಕ್ಕೂ ಈ ಗೌರವಕ್ಕೂ ನಡುವೆ 47 ವರ್ಷ! 24ರ ಹರೆಯದಲ್ಲಿ ಗೆದ್ದವರನ್ನು ದೇಶ ಅವರ 70 ದಾಟಿದ ಮೇಲೆ ನೆನೆಯಿತು.  ಆ ದೀರ್ಘ ಅವಧಿಯಲ್ಲಿ ಅವರು ನಮ್ಮ ನಡುವೆಯೇ, ಬೆಂಗಳೂರಿನಲ್ಲೇ ಇದ್ದರು. ನಾವು ಗಮನಿಸಿದ್ದು ಎಷ್ಟು?

2021ರಲ್ಲಿ ಟೋಕಿಯೊದಲ್ಲಿ ಕಂಚು ಗೆದ್ದಾಗ ಪಿ.ಆರ್. ಶ್ರೀಜೇಶ್ ಗೋಲುಕಂಬದ ಮೇಲೆ ಹತ್ತಿ ಕೂತ ಚಿತ್ರ ಎಲ್ಲರ ಕಣ್ಣಲ್ಲಿ ಉಳಿದಿದೆ. ಕೇರಳಕ್ಕೆ ಎರಡನೆಯ ಒಲಿಂಪಿಕ್ ಪದಕ ತಂದವರೂ ಒಬ್ಬ ಗೋಲ್‌ಕೀಪರೇ. ಮುಂದಿನ ಸಲ ಆ ಚಿತ್ರ ಕಣ್ಣಿಗೆ ಬಿದ್ದಾಗ, ಅದೇ ಕಂಬಗಳ ನಡುವೆ ಬರಿಮುಖದಲ್ಲಿ ನಿಂತಿದ್ದ ಫ್ರೆಡರಿಕ್ ಅವರನ್ನೂ ಒಂದು ಗಳಿಗೆ ನೆನೆಯೋಣ.