ಪೊನ್ನಪ್ಪ: ಒಂದು ಕೊಡವ ವ್ಯಕ್ತಿನಾಮದ ಚರಿತ್ರೆ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಘಟ್ಟವಿಳಿದರೆ ಕೊಡಗಿನ ಗಡಿಯಲ್ಲಿರುವ ಮಾಕುಟ್ಟ ಸಿಗುತ್ತದೆ. ಅದರಾಚೆ ಇರಿಟ್ಟಿಯ ದಾರಿ, ಮಲಯಾಳದ ನಾಡು. ಒಂದೇ ಹೆಸರು ಕೇರಳದಲ್ಲಿ ಪೊನ್ನಪ್ಪನ್, ಕೊಡವರಲ್ಲಿ ಪೊನ್ನಪ್ಪ, ಕನ್ನಡದ ಬಯಲುಸೀಮೆಯಲ್ಲಿ ಹೊನ್ನಪ್ಪ ಎಂದು ಬಳಕೆಯಲ್ಲಿದೆ. ಕೊಡವ ರೂಪವು ಘಟ್ಟದ ಕೆಳಗಿನಿಂದ ಬಂದುದೆಂಬ ಊಹೆ ಸುಲಭವಾಗಿ ಹುಟ್ಟುವಂಥದು. ಅದನ್ನು ನಾವು ಒಪ್ಪುವುದಿಲ್ಲ.

ಹೆಸರಿನ ಮೊದಲ ಘಟಕ ಪೊನ್, ಅಂದರೆ ಚಿನ್ನ. ಹಳಗನ್ನಡದಲ್ಲಿಯೂ ಅದು ಪೊನ್ ಎಂದೇ ಇತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕವಿ ಪೊನ್ನನ ಹೆಸರೇ ಇದಕ್ಕೆ ಸಾಕ್ಷಿ. ಮುಂದೆ ಪದಾದಿಯ ಪಕಾರವು ಹಕಾರವಾಗಿ ಪೊನ್ ಹೊನ್ನಾಯಿತು, ಪೂ ಹೂವಾಯಿತು, ಪಂಪೆ ಹಂಪೆಯಾಯಿತು. ಗ್ರಂಥಸ್ಥನಾದ ಕವಿ ಮಾತ್ರ ಹೊನ್ನನಾಗಲಿಲ್ಲ. ಕೊಡವ ತಕ್ಕ್ ಈ ಪಲ್ಲಟಕ್ಕೆ ಒಳಗಾಗಲಿಲ್ಲ. ತಮಿಳು, ಮಲಯಾಳಗಳೂ ಒಳಗಾಗಲಿಲ್ಲ. ಆದರೆ ಹಳೆಯದನ್ನು ಇಬ್ಬರೂ ಉಳಿಸಿಕೊಂಡಿದ್ದಾರೆಂಬುದು ಒಬ್ಬರಿಂದ ಇನ್ನೊಬ್ಬರು ಪಡೆದರೆಂಬುದಕ್ಕೆ ಪ್ರಮಾಣವಲ್ಲ. ಕೊಡವದಲ್ಲಿ ಪೊನ್ ದೇಶ್ಯಪದ. ಎರವಲನ್ನು ಕಲ್ಪಿಸುವ ಅಗತ್ಯವೇ ಬೀಳದು. ಇದನ್ನು ಹೆಣ್ಣು ಎಂಬರ್ಥದ ಪೊಣ್ಣ್ ಜೊತೆಗೆ ಬೆರೆಸಬಾರದು. ಆ ಪದದ ಮೂಲ ಪೆಣ್. ಓಷ್ಠ್ಯದ ಮುಂದೆ, ಮೂರ್ಧನ್ಯಕ್ಕೆ ಮೊದಲು ಎಕಾರವು ಒಕಾರವಾದ ಬೆಳವಣಿಗೆ ಅದು. ರೋಮನ್ ಬರವಣಿಗೆಯಲ್ಲಿ ಎರಡೂ ಒಂದೇ ಆಗಿ ಕಾಣುವುದರಿಂದ ಗೊಂದಲ ಹೆಚ್ಚು.

ಹೆಸರಿನ ಅಂತ್ಯ ಬೇರೆಯದನ್ನು ಹೇಳುತ್ತದೆ. ಮಲಯಾಳದ ಅಪ್ಪನ್ ನಕಾರಾಂತ. ಕೊಡವ ರೂಪ ಕನ್ನಡದಂತೆ ಸ್ವರಾಂತ. ಹೀಗೆ ಹೆಸರಿನ ತಲೆ ಪಡುವಣಕ್ಕೂ ಬಾಲ ಮೂಡಣಕ್ಕೂ ಹೊಂದುತ್ತದೆ. ಸ್ತ್ರೀನಾಮದಲ್ಲಾದರೋ ಅಮ್ಮ ಎಂಬ ಅಂತ್ಯ ಮೂರೂ ಕಡೆ ಸಮಾನ. ಆದ್ದರಿಂದ ಕೊಡಗಿನ ಪೊನ್ನಮ್ಮನಿಗೂ ಕೇರಳದ ಪೊನ್ನಮ್ಮನಿಗೂ ರೂಪಭೇದವಿಲ್ಲ. ಸಂಚಿಯ ಹೊನ್ನಮ್ಮ ಮಾತ್ರ ಪ್ರತ್ಯೇಕಳು.

ಹಾಲೇರಿ ಅರಸರ ಆಡಳಿತ ಭಾಷೆ ಕನ್ನಡವಾಗಿತ್ತು. ಆದರೂ 1834ರಲ್ಲಿ ಆ ಮನೆತನದ ಆಳ್ವಿಕೆ ಕೊನೆಗೊಂಡಾಗ ದಿವಾನನಾಗಿದ್ದ ಚೆಪ್ಪುಡಿರ ಪೊನ್ನಪ್ಪನ ಹೆಸರು ಇತಿಹಾಸದಲ್ಲಿ ಹೊನ್ನಪ್ಪನಾಗದೆ ಉಳಿದಿದೆ. ಅದೇ ಕಾಲದ ಇನ್ನೊಬ್ಬ ದಿವಾನ ಅಪ್ಪಾರಂಡ ಬೋಪು. ಅಪ್ಪ, ಅಣ್ಣ ಮುಂತಾದ ಗೌರವಸೂಚಕಗಳಿಲ್ಲದ ಹೆಸರೂ ಗಣ್ಯರಿಗೆ ಒಪ್ಪುತ್ತಿತ್ತೆಂಬುದಕ್ಕೆ ಇದು ನಿದರ್ಶನ. ಎಂ. ಬಿ. ಎಮೆನೊ 1976ರಲ್ಲಿ ಕೊಡವ ವ್ಯಕ್ತಿನಾಮಗಳನ್ನು ಕುರಿತೇ ಒಂದು ಲೇಖನ ಪ್ರಕಟಿಸಿದರು. ಆ ದಾರಿಯಲ್ಲಿ ಕನ್ನಡ ವಿದ್ವಾಂಸರು ಇನ್ನಷ್ಟು ನಡೆಯಬೇಕಿತ್ತು.

ಈಚೆಗೆ ಹೆಸರಿನ ಸ್ಥಾನವೇ ಬದಲಾಗಿದೆ. ವಾಡಿಕೆಯಲ್ಲಿ ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ಅನಂತರ. ಈಗ ಮಗುವಿಗೆ ಸಂಸ್ಕೃತ ಹೆಸರಿಟ್ಟು ತಂದೆಯ ಹೆಸರನ್ನು ಕೊನೆಗೆ ಸೇರಿಸುವುದು ರೂಢಿಗೆ ಬಂದಿದೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬ್ಯಾಡ್ಮಿಂಟನ್ ಮಹಿಳಾ ಡಬಲ್ಸ್ ಚಿನ್ನ ಗೆದ್ದ ಜೋಡಿಯ ಅಶ್ವಿನಿ ಪೊನ್ನಪ್ಪ ಅವರಿಂದ ಈ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು, ಪುಲ್ಲಿಂಗದ ಅಪ್ಪ ಮಹಿಳೆಯ ಹೆಸರಿನ ತುದಿಯಲ್ಲಿ ನಿಂತು.