ಹೋರಿ ಹಬ್ಬದ ನೋಡುಗರು

ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲುಗೊಂಡು ಸುಗ್ಗಿಯ ತಿಂಗಳುಗಳವರೆಗೆ ಮಧ್ಯ ಕರ್ನಾಟಕದ ಊರುಗಳಲ್ಲಿ ನಡೆಯುವ ಹೋರಿ ಓಟದ ಆಟಕ್ಕೆ ಹೋರಿ ಹಬ್ಬ ಎಂದು ಹೆಸರು. ಹೋರಿ ಬೆದರಿಸುವ ಸ್ಪರ್ಧೆ, ಕೊಬ್ಬರಿ ಹೋರಿ ಹಬ್ಬ ಎಂದೂ ಕರೆಯುತ್ತಾರೆ. ಹಾವೇರಿ ಜಿಲ್ಲೆ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ, ದಾವಣಗೆರೆ ಜಿಲ್ಲೆಯ ಹೊನ್ನಾಳಿ ಮತ್ತು ನ್ಯಾಮತಿ ಈ ಹಬ್ಬದ ಮುಖ್ಯ ಸೀಮೆ. ಹೋರಿಯ ಒಡೆಯನಿಗೂ ಹಿಡಿಯುವವನಿಗೂ ಎಷ್ಟು ಪಾತ್ರವಿದೆಯೋ ನೋಡುಗನಿಗೂ ಅಷ್ಟೇ ಇದೆ. ಏಕೆಂದರೆ ಹೋರಿ ಓಡುವ ದಾರಿಯ ಎರಡು ಅಂಚುಗಳೂ ನಿಂತ ಜನರಿಂದಲೇ ಆದವು.

ಆಟದ ಸ್ವರೂಪ

ಹೋರಿಯ ಮೈ ತೊಳೆದು, ಬೆನ್ನಿಗೆ ಜೂಲ ಹೊದಿಸಿ, ಕೊಂಬಿಗೆ ಕೊಂಬಣಸು ಮತ್ತು ರಿಬ್ಬನ್ನು, ಕಾಲಿಗೆ ಗೆಜ್ಜೆ, ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟುತ್ತಾರೆ. ಬಲೂನುಗಳ ಎತ್ತರದ ಅಲಂಕಾರ ಹೊತ್ತು ಓಡುವ ಹೋರಿಗಳೂ ಇವೆ. ಅಖಾಡದ ಒಂದು ತುದಿಯಿಂದ ಹೋರಿಗಳನ್ನು ಒಂದಾದ ಮೇಲೊಂದರಂತೆ ಬಿಡುತ್ತಾರೆ. ಕೇಕೆ, ಸಿಳ್ಳೆ, ತಮಟೆ, ಪಟಾಕಿಗಳ ಸದ್ದಿಗೆ ಬೆದರಿದ ಹೋರಿ ಜನರ ಸಾಲುಗಳ ನಡುವೆ ನುಗ್ಗುತ್ತದೆ. ದಾರಿಯಲ್ಲಿ ಕಾದು ನಿಂತ ಯುವಕರು ಕೊಬ್ಬರಿ ಹಾರವನ್ನು ಕಿತ್ತುಕೊಳ್ಳಲು ಮೈಮೇಲೆ ಬೀಳುತ್ತಾರೆ. ಹಾರ ಹರಿದವನು ಗೆದ್ದವನು. ಯಾರ ಕೈಗೂ ಸಿಗದೆ ಆಚೆ ತುದಿ ಮುಟ್ಟಿದರೆ ಗೆಲುವು ಹೋರಿಯದು. ದೊಡ್ಡ ಸ್ಪರ್ಧೆಗಳಲ್ಲಿ ತೀರ್ಪುಗಾರರು ಹೋರಿಯ ವೇಗ, ಓಟದ ಗತ್ತು, ಹಿಡಿತದಿಂದ ತಪ್ಪಿಸಿಕೊಂಡ ರೀತಿ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಸೀಮೆಯ ಹಿನ್ನೆಲೆ

ಈ ನಾಡಿನಲ್ಲಿ ಓಡುವ ದನದ ಮೇಲಿನ ಮೋಹ ಹಳೆಯದು. ತುರು ಕಾಯುತ್ತ, ತುರುಗಳ್ಳರೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ನಿಂತಿವೆ. ಮೈಸೂರು ಅರಸರು ಸಾಕಿ ಬೆಳೆಸಿದ ದನಗಳ ಹಿಂಡಿಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಈ ಎತ್ತುಗಳ ವೇಗವೇ ಹೈದರಾಲಿಯ ಸೈನ್ಯದ ಚುರುಕಿಗೆ ಒಂದು ಕಾರಣವಾಗಿತ್ತು. ಆ ತಳಿಯ ಕಾವಲುಗಳಿಗೆ ಹೆಸರಾದ ಅಜ್ಜಂಪುರ ದಾವಣಗೆರೆ ಜಿಲ್ಲೆಯ ಚನ್ನಗಿರಿಗೆ ದೂರವೇನಲ್ಲ. ಹೋರಿ ಹಬ್ಬದಲ್ಲಿ ಇಂದು ಓಡುವವು ಹೆಚ್ಚಾಗಿ ಹಳ್ಳಿಕಾರ್, ಅಮೃತಮಹಲ್, ಖಿಲಾರಿ ತಳಿಯವು. ತಮಿಳುನಾಡಿನಿಂದ ಕೊಂಡು ತರುವುದೂ ಉಂಟು.

ಈ ಹಬ್ಬದ ಸೀಮೆಗೆ ಸೇರಿದ ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಆ ಬಳಿಕ ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ದನದೊಡನೆ ಜನರ ನಂಟು ಒಂದೊಂದು ಕಡೆ ಒಂದೊಂದು ಬಗೆ. ತುಂಗಭದ್ರೆಯ ದಡದ ಹೊನ್ನಾಳಿಯೂ ಶಿಕಾರಿಪುರಕ್ಕೆ ತಾಗಿದ ನ್ಯಾಮತಿಯೂ ಹೋರಿ ಹಬ್ಬದ ನಡುಮನೆ. ಭದ್ರಾ ನಾಲೆಯ ನೀರು ಮತ್ತು ಅಡಿಕೆ ತೋಟಗಳ ಚನ್ನಗಿರಿಯಲ್ಲಿ ಉಳುವ ಎತ್ತಿನ ಕೆಲಸ ಕಡಿಮೆಯಾಗಿದೆ. ಮಳೆಯನ್ನೇ ನಂಬಿದ ಜಗಳೂರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಗೆ ಹೊಂದಿಕೊಂಡಿದೆ. ಆ ಸೀಮೆಯ ಮ್ಯಾಸನಾಯಕ ಸಮುದಾಯದವರು ನೊಗಕ್ಕೆ ಹೂಡದೆ ಸಾಕುವ ದೇವರ ಎತ್ತುಗಳನ್ನು ನೋಡಲು ಬರುವವರು ಕೈ ಮುಗಿಯುತ್ತಾರೆ. ಹೊನ್ನಾಳಿಯ ಅಖಾಡದಲ್ಲಿ ನೋಡುಗರು ಕೇಕೆ ಹಾಕುತ್ತಾರೆ. ದನವನ್ನು ಮನೆಯ ಮಗನಂತೆ ಕಾಣುವ ಭಾವ ಮಾತ್ರ ಎರಡೂ ಕಡೆ ಒಂದೇ.

ಊರ ಬೀದಿಯಿಂದ ಅಖಾಡಕ್ಕೆ

ಮೊದಲು ಇದು ಊರಿನವರ ಹಬ್ಬ. ಪಾಡ್ಯದ ದಿನ ಹಟ್ಟಿಯ ಪೂಜೆ ಮುಗಿಸಿ ಅವರವರ ಮನೆಯ ಹೋರಿಗಳನ್ನು ಊರ ಬೀದಿಯಲ್ಲೇ ಬೆದರಿಸುತ್ತಿದ್ದರು. ಜಗುಲಿ, ಕಟ್ಟೆ, ಮಾಳಿಗೆಗಳೇ ಕೂರುವ ಜಾಗ. ಯಾರ ಹೋರಿ ಯಾವುದು, ಅದರ ತಾಯಿ ಯಾರ ಹಟ್ಟಿಯದು ಎಂಬುದು ನೋಡುವವರಿಗೆಲ್ಲ ಗೊತ್ತಿರುತ್ತಿತ್ತು. ಬಹುಮಾನವೆಂದರೆ ಹರಿದುಕೊಂಡ ಕೊಬ್ಬರಿಯೇ.

ರಸ್ತೆ, ಟೆಂಪೊ, ಬೈಕುಗಳು ಹೆಚ್ಚಿದ ಮೇಲೆ ಹೋರಿಗಳು ಊರು ದಾಟಿ ಪರ ಊರಿನ ಹಬ್ಬಕ್ಕೆ ಹೋಗತೊಡಗಿದವು. ಅವುಗಳ ಹಿಂದೆ ನೋಡುಗರೂ ಹೋದರು. ಟ್ರ್ಯಾಕ್ಟರು ಉಳುಮೆಯನ್ನು ವಹಿಸಿಕೊಂಡ ಮೇಲೆ ಗದ್ದೆಗೆ ಇಳಿಯದೆ ಓಟಕ್ಕೆಂದೇ ಬೆಳೆಯುವ ಹೋರಿಗಳ ಸಂಖ್ಯೆ ಹೆಚ್ಚಿತು. ಅವಕ್ಕೆ ಹುರುಳಿ, ಹತ್ತಿಕಾಳು, ಮೊಟ್ಟೆಯ ಮೇವು. ಕೆರೆಯಲ್ಲಿ ಈಜು, ದಿನವೂ ಓಟದ ಅಭ್ಯಾಸ. ಸಮಿತಿಗಳು ಹುಟ್ಟಿಕೊಂಡು ಊರಾಚೆಯ ಬಯಲಲ್ಲಿ ಉದ್ದನೆಯ ಅಖಾಡ ಕಟ್ಟಿದವು. ಬೈಕು, ಚಿನ್ನ, ಫ್ರಿಜ್ಜು, ಟಿವಿಗಳು ಬಹುಮಾನದ ಪಟ್ಟಿಗೆ ಬಂದವು. ಧ್ವನಿವರ್ಧಕದಲ್ಲಿ ಓಟ ವಿವರಿಸುವವನ ಮಾತು ಹಬ್ಬದ ಹೊಸ ಆಕರ್ಷಣೆಯಾಯಿತು.

ಹೀಗೆ ದುಡಿಮೆಗೆ ಬಳಸುತ್ತಿದ್ದದ್ದು ಪಂದ್ಯಕ್ಕೆ ಇಳಿಯುವುದು ಲೋಕದ ಬೇರೆ ಕಡೆಯೂ ನಡೆದಿದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಳ್ಳಬಟ್ಟಿ ಸಾಗಿಸಲು ಬಲಪಡಿಸಿದ ಸಾಮಾನ್ಯ ಕಾರುಗಳನ್ನು ಓಡಿಸುವವರ ಪೈಪೋಟಿ ಸ್ಟಾಕ್ ಕಾರ್ ರೇಸಿನ ಬೇರುಗಳಲ್ಲೊಂದು. 1948ರಲ್ಲಿ ಈ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆ ಸ್ಥಾಪನೆಯಾದ ಮೇಲೂ ಅಲ್ಲಿನ ಜನ ಮಣ್ಣಿನ ದಾರಿ, ಡೇಟೋನಾದ ಸಮುದ್ರದಂಡೆಗಳ ಬದಿ ನಿಂತೇ ಓಟ ನೋಡುತ್ತಿದ್ದರು. 1959ರಲ್ಲಿ ಡೇಟೋನಾದಲ್ಲಿ ದೊಡ್ಡ ಓಟದ ಮೈದಾನ ತೆರೆಯಿತು.

ಅಭಿಮಾನಿ ಬಳಗ

ಹೆಸರಾದ ಹೋರಿಗೆ ಊರಿನ ಹೆಸರಿನೊಡನೆ ತನ್ನದೇ ಬಿರುದೂ ಇರುತ್ತದೆ. ಸಿನಿಮಾದ ಹೆಸರು, ಹುಲಿ ಸಿಂಹಗಳ ಹೆಸರು, ದೇವರ ಹೆಸರು ಹೀಗೆ ಬಿರುದಿಗೆ ಮಿತಿಯಿಲ್ಲ. ಬಿರುದು ಬರೆದ ಟೀ ಶರ್ಟು ತೊಟ್ಟ ಯುವಕರು ಹೋರಿಯ ಸುತ್ತ ಗುಂಪಾಗಿ ಬರುತ್ತಾರೆ. ದಾರಿಯುದ್ದಕ್ಕೂ ಫ್ಲೆಕ್ಸ್ ಕಟ್ಟುತ್ತಾರೆ, ಬಾವುಟ ಹಿಡಿಯುತ್ತಾರೆ, ಓಟದ ವಿಡಿಯೊಗಳನ್ನು ಮೊಬೈಲಿನಲ್ಲಿ ಹಂಚುತ್ತಾರೆ. ಹೋರಿ ಸತ್ತರೆ ಊರಿನವರೆಲ್ಲ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುವುದೂ ಇದೇ ಅಭಿಮಾನದ ಭಾಗ.

ಅಖಾಡದ ದಿನದ ಊಟವೆಂದರೆ ಮಂಡಕ್ಕಿ, ಮೆಣಸಿನಕಾಯಿ, ಚಹಾ. ಹೆಂಗಸರು, ಮಕ್ಕಳು, ವಯಸ್ಸಾದವರು ಟ್ರ್ಯಾಕ್ಟರ್ ಟ್ರೇಲರ್, ಮನೆಯ ತಾರಸಿಗಳ ಮೇಲೆ ನಿಲ್ಲುತ್ತಾರೆ. ಹುಡುಗರು ದಾರಿಯ ಅಂಚಿಗೇ ಒತ್ತುತ್ತಾರೆ. ಅನುಭವಿ ನೋಡುಗ ಹೋರಿಯ ಕಿವಿ, ಕತ್ತು, ಹೆಜ್ಜೆಗಳ ಮೇಲೆ ಕಣ್ಣಿಟ್ಟು ಅದು ಯಾವ ಮಗ್ಗುಲಿಗೆ ಹೊರಳಬಹುದೆಂದು ಊಹಿಸುತ್ತಾನೆ. ಈ ತಿಳಿವಳಿಕೆ ಶಾಲೆಯಲ್ಲಿ ಸಿಗುವಂಥದ್ದಲ್ಲ; ಹಟ್ಟಿಯಲ್ಲಿ ಬೆಳೆದವರಿಂದ ಬರುವಂಥದ್ದು.

ಕಾನೂನಿನ ಹಾದಿ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಕೇಂದ್ರ ಸರ್ಕಾರ 2011ರ ಜುಲೈನಲ್ಲಿ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಆ ತೀರ್ಪು ಕಂಬಳ, ಹೋರಿ ಹಬ್ಬಗಳ ಮೇಲೂ ನೆರಳು ಚೆಲ್ಲಿತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲತೀರದಲ್ಲಿ ಜಲ್ಲಿಕಟ್ಟಿನ ಪರವಾಗಿ ಜನ ಸೇರಿದ ಬಳಿಕ ಕರ್ನಾಟಕದಲ್ಲೂ ಒತ್ತಾಯ ಬಲವಾಯಿತು. ರಾಜ್ಯ ವಿಧಾನಮಂಡಲ ಅದೇ ವರ್ಷ ಕಂಬಳ, ಹೋರಿ ಓಟ ಮತ್ತು ಎತ್ತಿನ ಗಾಡಿ ಓಟಗಳಿಗೆ ಷರತ್ತಿನ ಅನುಮತಿ ನೀಡುವ ತಿದ್ದುಪಡಿ ತಂದಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಯ ಅಂಕಿತ ದೊರೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿಯಿತು. ಈ ವಾದವಿವಾದಗಳ ನಡುವೆ ಹೆಚ್ಚು ಚರ್ಚೆಯಾದದ್ದು ದನದ ನೋವು ಮತ್ತು ಜನರ ಸಂಪ್ರದಾಯ. ಬದಿಯಲ್ಲಿ ನಿಂತವನ ಜೀವದ ಮಾತು ಅಷ್ಟಾಗಿ ಮುಂದೆ ಬರಲಿಲ್ಲ.

ನೋಡುಗರ ಸುರಕ್ಷತೆ

ಹೋರಿಗೆ ಗೆರೆಯ ಗೊಡವೆಯಿಲ್ಲ. ಹಿಡಿಯುವವರು ಅಡ್ಡ ಬಂದಾಗ ಅದು ಜನರ ಸಾಲಿನತ್ತ ಹೊರಳುತ್ತದೆ. ಅಖಾಡದ ತುದಿ ದಾಟಿದ ಮೇಲೂ ಓಡುತ್ತಲೇ ಇರುತ್ತದೆ. ಹಾವೇರಿ, ಶಿವಮೊಗ್ಗ ಜಿಲ್ಲೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ತಿವಿತಕ್ಕೆ ಸತ್ತವರಲ್ಲಿ ಹಿಡಿಯಲು ಇಳಿದವರಷ್ಟೇ ಅಲ್ಲದೆ ನೋಡಲು ಬಂದವರೂ ಇದ್ದಾರೆ.

ಕಾರಿನ ಓಟದ ಚರಿತ್ರೆ ಇಲ್ಲಿ ಪಾಠವಾಗಬೇಕು. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಕಾರೊಂದು ಜನರ ನಡುವೆ ಸಿಡಿದು 80ಕ್ಕೂ ಹೆಚ್ಚು ಮಂದಿ ಸತ್ತರು. ಸ್ವಿಟ್ಜರ್ಲೆಂಡ್ ಸರ್ಕ್ಯೂಟಿನಲ್ಲಿ ನಡೆಯುವ ಕಾರಿನ ಓಟಗಳನ್ನೇ ನಿಷೇಧಿಸಿತು. ಉಳಿದ ಕಡೆ ಜನರನ್ನು ದಾರಿಯಿಂದ ದೂರ ಸರಿಸುವ ಕೆಲಸ ನಡೆಯಿತು. 1987ರ ಮೇನಲ್ಲಿ ಅಮೆರಿಕದ ಟ್ಯಾಲಡೀಗಾದಲ್ಲಿ ಬಾಬಿ ಆಲಿಸನ್‌ನ ಕಾರು ಗಾಳಿಗೆದ್ದು ಬೇಲಿ ಹರಿದು ನೋಡುಗರನ್ನು ಗಾಯಗೊಳಿಸಿತು. ಮರುವರ್ಷದಿಂದ ಅಲ್ಲಿ ಮತ್ತು ಡೇಟೋನಾದಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ಫಲಕ ಕಡ್ಡಾಯವಾಯಿತು. ನೋಡುಗರ ಜೀವಕ್ಕಾಗಿ ಓಟದ ವೇಗವನ್ನೇ ಇಳಿಸಿದರು. ಓಟ ನಿಲ್ಲಲಿಲ್ಲ, ಅಭಿಮಾನಿಗಳೂ ಕಡಿಮೆಯಾಗಲಿಲ್ಲ.

ಹೋರಿಯ ವೇಗ ಇಳಿಸಲು ಅಂಥ ಫಲಕವಿಲ್ಲ. ಆದ್ದರಿಂದ ಮಾಡಬೇಕಾದ ಕೆಲಸವೆಲ್ಲ ಅಖಾಡದ ಅಂಚಿನಲ್ಲಿದೆ: ಎರಡೂ ಬದಿ ಗಟ್ಟಿ ಬೇಲಿ, ಅದರ ಹಿಂದೆ ಎತ್ತರದ ನೆಲೆ, ಓಟ ಮುಗಿಯುವಲ್ಲಿ ಹೋರಿ ಹಿಡಿದು ಕಟ್ಟಲು ಸುತ್ತಲೂ ಮುಚ್ಚಿದ ವಿಶಾಲವಾದ ಜಾಗ, ಓಟದ ಹೊತ್ತಿನಲ್ಲಿ ಊರ ರಸ್ತೆಯ ಸಂಚಾರಕ್ಕೆ ತಡೆ, ಆಂಬುಲೆನ್ಸ್ ಹಾಗೂ ಪಶುವೈದ್ಯರ ಹಾಜರಿ. ಲಕ್ಷಗಟ್ಟಲೆ ಬಹುಮಾನ ಹೊಂದಿಸಬಲ್ಲ ಸಮಿತಿಗೆ ಬೇಲಿಯ ಖರ್ಚು ಹೊರೆಯಲ್ಲ. ಬಲಿಪಾಡ್ಯಮಿಯಂದು ಹೊನ್ನಾಳಿ, ನ್ಯಾಮತಿಯ ಮಾಳಿಗೆಗಳ ಮೇಲಿನಿಂದ ಮೂರು ತಲೆಮಾರು ಒಟ್ಟಿಗೆ ನೋಡಿದ ಹಬ್ಬ ಇದು. ಕಾನೂನು ಹಬ್ಬವನ್ನು ಉಳಿಸಿಕೊಟ್ಟಿದೆ. ನೋಡಲು ಬಂದವರು ಮನೆ ಸೇರುವ ಹೊಣೆ ನಡೆಸುವವರ ಮೇಲಿದೆ.