ಹೊಗಿ ಸುಮ್ನ ಹೋಗಬಾರದಂತ ಮಾಡಿದ ಗಾಡಿ

ಟರ್ಬೋ ಅನ್ನೋ ಶಬ್ದ ನಮಗ್ಯಾರಿಗೂ ಹೊಸಾದಲ್ಲ. ಪುಣೆ-ಬೆಂಗಳೂರು ರಸ್ತೆದಾಗ ಓಡೋ ಎಷ್ಟೋ ಲಾರಿ ಮ್ಯಾಲೆ ದೊಡ್ಡ ಅಕ್ಷರದಾಗ ಬರದಿರತದ. ಅದೇನಂತ ಗಂಡಸರನ್ನ ಕೇಳಿದ್ರ "ಜೋರ ಹೋಗತದ" ಅಂತಾರ, ಅಷ್ಟ. ಯಾಕ ಜೋರ ಹೋಗತದ, ಯಾರು ಕಂಡುಹಿಡದ್ರು, ಲಾರಿದು ಕಾರಿಗೆ ಹೆಂಗ ಬಂತು ಅಂತ ಬಿಡಿಸಿ ಹೇಳೋರು ಕಡಿಮಿ.

ಹೋದ ಬ್ಯಾಸಗಿಯೊಳಗ ಮೂರು ತಿಂಗಳು ತಂಗಿ ಮನಿಗೆ ಸ್ವೀಡನ್ ದೇಶಕ್ಕ ಹೋಗಿದ್ದೆನಲ್ಲಾ, ಅಲ್ಲಿ ಊಟಾ-ತಿಂಡಿ ಕಥಿ ಹಿಂದ ಬರದೇನಿ. ಈ ಸಲ ಅವರ ಗ್ಯಾರೇಜಿನ ಕಥಿ. ಗೋಥೆನ್‌ಬರ್ಗ್ ಊರಾಗ ಅವರ ಮನಿ. ಗ್ಯಾರೇಜಿನಾಗ 1987ರ ಸಾಬ್ 900 ಟರ್ಬೋ ಅನ್ನೋ ಕಾರು ಬಿಚ್ಚಿ ಹರವಿಟ್ಟಿತ್ತು. ತಂಗಿ ಗಂಡ ಅದನ್ನ 2012ರಾಗ ಅಗ್ಗದಾಗ ತಗೊಂಡು, ನಾಕು ದಿನಾ ಓಡಿಸಿ, ಹಂಗ ನಿಲ್ಲಿಸಿಬಿಟ್ಟಿದ್ರು. ಈಗ ಮಗ ಕಾಲೇಜು ಮುಗಿಸ್ಯಾನ, ತಾನ ಕೂತು ರಿಪೇರಿ ಮಾಡತೇನಿ ಅಂತ ಹಟಾ ಹಿಡದಿದ್ದ. ತಂಗೀಗೆ ಅದು ಕಣ್ಣಾಗಿನ ಕಸ. "ಇದು ಓಡದಿದ್ರ ಛಲೋ ಅಕ್ಕಾ. ಓಡಿತು ಅಂದ್ರ ನನಗ ನಿದ್ದಿ ಬರಂಗಿಲ್ಲಾ" ಅಂತಿದ್ಲು. ಒಬ್ಬನ ಮಗ. ಅಲ್ಲಿ ಚಳಿಗಾಲದಾಗ ರಸ್ತೆ ಮ್ಯಾಲೆ ಕಾಣದ ಹಂಗ ಬರ್ಫು ಕೂತಿರತದ. ಆಕಿ ಹೆದರಿಕಿ ಸುಳ್ಳಲ್ಲ.

ಟರ್ಬೋ ಅಂದ್ರ ಏನಂತ ಮೊದಲ ಹೇಳತೇನಿ. ಸೌದಿ ಒಲಿ ನೆನಸ್ಕೋರ್ರಿ. ಉರಿ ಸಣ್ಣ ಆದ್ರ ಊದಗೊಳವಿ ತಗೊಂಡು ನಾವು ಊದತಿದ್ವಿ, ಗಾಳಿ ಹೋದಂಗ ಉರಿ ಏರತಿತ್ತು. ಹೊಗಿ ಮಾತ್ರ ಬ್ಯಾರೆ ದಾರಿಯಿಂದ ಸುಮ್ನ ಹೊರಗ ಹೋಗತಿತ್ತು. ಆ ಹೊಗೀನ ಒಂದು ಚಕ್ರಾ ತಿರುಗಿಸಿ, ಆ ಚಕ್ರದ ದಂಡಿಗೆ ಕೂಡಿಸಿದ ಇನ್ನೊಂದು ಚಕ್ರಾ ಒಲಿಗೆ ಗಾಳಿ ಊದಿದ್ರ? ನಾವು ಊದೋ ಕೆಲಸಾನ ಇಲ್ಲ. ಅದ ಟರ್ಬೋ. ಎಂಜಿನ್ ಸುಟ್ಟು ಹೊರಗ ಬಿಡೋ ಬಿಸಿ ಹೊಗಿ ಒಂದು ಸಣ್ಣ ಚಕ್ರಾ ತಿರುಗಿಸತದ, ಅದರ ಜೋಡೀದು ಹೊರಗಿನ ಗಾಳಿ ಎಳದು ಎಂಜಿನ್ ಒಳಗ ಒತ್ತಿ ತುಂಬತದ. ಗಾಳಿ ಹೆಚ್ಚು ಹೋದ್ರ ಪೆಟ್ರೋಲೂ ಹೆಚ್ಚು ಸುಡಬಹುದು, ಶಕ್ತಿ ಹೆಚ್ಚು. ಬೊಗಸಿಯೊಳಗ ಹಿಡಿಯೋವಷ್ಟ ಆ ಚಕ್ರಾ ನಿಮಿಷಕ್ಕ ಒಂದು ಲಕ್ಷ ಸುತ್ತಿನ ಮ್ಯಾಲೆ ತಿರುಗತದ.

ಇದನ್ನ ಹುಟ್ಟಿಸಿದಾಂವ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ. ವಿಂಟರ್‌ಥೂರ್ ಊರಿನ ಸುಲ್ಜರ್ ಕಂಪನಿಯೊಳಗ ಎಂಜಿನಿಯರ್ ಇದ್ದ. 1905ರಾಗ ಪೇಟೆಂಟ್ ತಗೊಂಡ. ಆದ್ರ ಅಷ್ಟು ಬಿಸಿ ತಡಿಯೋ ಲೋಹ ಸಿಗಲಿಕ್ಕೆ, ಲೆಕ್ಕಾ ಕೂಡಲಿಕ್ಕೆ ಇಪ್ಪತ್ತು ವರ್ಷ ಹಿಡೀತು. 1920ರ ದಶಕದಾಗ ಎರಡು ಜರ್ಮನ್ ಪ್ರಯಾಣಿಕರ ಹಡಗಿಗೆ ಹಾಕಿದಾಗ 1750 ಅಶ್ವಶಕ್ತಿ ಎಂಜಿನ್ 2500 ಕೊಟ್ಟಿತು. ಆಮ್ಯಾಲ ರೇಲ್ವೆ ಎಂಜಿನ್ನು, ವಿಮಾನ, ಲಾರಿ. ಇವೆಲ್ಲಾ ತಾಸುಗಟ್ಟಲೆ ಒಂದ ಹದದಾಗ ಓಡೂವು. ಕಾರಿನ ಸ್ವಭಾವ ಹಂಗಲ್ಲ. ಮಗ್ಗಲ ಅಂಗಡಿಗೆ ಹೋಗಬೇಕು, ಸಾಲಿ ಮುಂದ ನಿಲ್ಲಬೇಕು, ಮತ್ತ ಹೊಂಡಬೇಕು. ನಿಂತು ನಿಂತು ಓಡೋ ಗಾಡಿಗೆ ಟರ್ಬೋ ಹೊಂದಿಸೋದು ಭಾಳ ತ್ರಾಸಿನ ಕೆಲಸ.

ಮೊದಲ ಕೈ ಹಾಕಿದಾವರು ಅಮೆರಿಕಾದವರು. 1962ರಾಗ ಓಲ್ಡ್ಸ್‌ಮೊಬೀಲ್ ಕಂಪನಿ ಜೆಟ್‌ಫೈರ್ ಅನ್ನೋ ಕಾರು ತಂತು. ಒಳಗ ಗಾಳಿ ಒತ್ತಿದಾಗ ಎಂಜಿನ್ನು ಕಟಕಟ ಬಡಕೋಬಾರದಂತ ಅದಕ್ಕ ನೀರು-ಮಿಥನಾಲ್ ಕೂಡಿಸಿದ ಒಂದು ದ್ರವ ಬ್ಯಾರೆ ಡಬ್ಬಿಯೊಳಗ ತುಂಬಬೇಕಿತ್ತು. ಯಾರು ನೆನಪಿಟ್ಟು ತುಂಬತಾರ? ಜನಾ ಮರೀತಿದ್ರು, ಕಡಿಕ ಎಷ್ಟೋ ಗಾಡಿಯಿಂದ ಟರ್ಬೋ ಕಿತ್ತ ತಗದ್ರು. ಹತ್ತು ಸಾವಿರ ಗಾಡಿ ತುಂಬೂದರೊಳಗ ನಿಂತ ಹೋತು. ಜರ್ಮನಿಯ ಬಿ.ಎಂ.ಡಬ್ಲ್ಯೂ. 1973ರಾಗ 2002 ಟರ್ಬೋ ತಂತು, ಅದರ ಮೂತಿ ಮ್ಯಾಲೆ ಹೆಸರನ್ನ ಉಲ್ಟಾ ಬರಿಸಿದ್ರಂತ, ಮುಂದಿನ ಗಾಡಿಯಾಂವ ಕನ್ನಡಿಯೊಳಗ ನೋಡಿ ದಾರಿ ಬಿಡಲಿ ಅಂತ. ಎಷ್ಟು ಜಂಭ ನೋಡ್ರಿ! ಅದ ವರ್ಷ ಅರಬರ ಎಣ್ಣಿ ತಾಪತ್ರಯ ಶುರು ಆತು, ಪೆಟ್ರೋಲ್ ತುಟ್ಟಿ ಆತು. 1672 ಗಾಡಿಗೆ ಅದೂ ಮುಗೀತು.

ಹಿಂಗ ಟರ್ಬೋ ಅಂದ್ರ ಶೋಕಿಗೆ ಅಂತ ಹೆಸರು ಬಿದ್ದಾಗ ಸಾಬ್ ಕಂಪನಿ ಬಂತು. ಅವರು ಮೂಲತಃ ವಿಮಾನ ಮಾಡೋ ಮಂದಿ, 1937ರಾಗ ಶುರು ಮಾಡಿದ್ದು. ಯುದ್ಧ ಮುಗದ ಮ್ಯಾಲೆ ವಿಮಾನದ ಗಿರಾಕಿ ಕಡಿಮಿ ಆದಾರು ಅಂತ ಕಾರಿಗಿ ಇಳದ್ರು. 1949ರ ಕೊನಿಗೆ ಅವರ ಮೊದಲ ಕಾರು ಹೊರಗ ಬಂತು, ಮೊದಮೊದಲಿನವಕ್ಕೆಲ್ಲಾ ಹಸಿರು ಬಣ್ಣ ಒಂದ. ಸಣ್ಣ ಕಂಪನಿ. 1970ರ ಸುಮಾರಿಗೆ ಗಿರಾಕಿಗೋಳು ಇನ್ನಷ್ಟು ಶಕ್ತಿ ಬೇಡಲಿಕ್ಕೆ ಹತ್ತಿದ್ರು, ಆದ್ರ ಹೊಸಾ ದೊಡ್ಡ ಎಂಜಿನ್ ಹುಟ್ಟಿಸೋವಷ್ಟು ರೊಕ್ಕ ಇರಲಿಲ್ಲ. ಇದ್ದದ್ದರಾಗ ತೂಗಿಸಬೇಕು. ತಿಂಗಳ ಕೊನಿಗೆ ನಾವು ತೂಗಿಸಿದಂಗ.

ಅವರ ಪುಣ್ಯಕ್ಕ 1969ರಾಗ ಸ್ಕಾನಿಯಾ ಲಾರಿ ಕಂಪನಿ ಜೋಡಿ ಕೂಡಿದ್ರು. ಲಾರಿಯವರಿಗೆ ಟರ್ಬೋ ಮೊದಲ ಗೊತ್ತಿತ್ತು. ಪೆರ್ ಯಿಲ್‌ಬ್ರಾಂಡ್ ಅನ್ನೋ ಎಂಜಿನಿಯರ್, ಮುಂದ ಅವನನ್ನ ಎಲ್ಲಾರೂ ಟರ್ಬೋ-ಪೆಲ್ಲೆ ಅಂತನ ಕರದ್ರು, ಬೆಂಗ್ಟ್ ಗಾಡೆಫೆಲ್ಟ್ ಅನ್ನಾವರ ಜೋಡಿ ಈ ಕೆಲಸಕ್ಕ ಕೂತ. ಅವರು ಮಾಡಿದ ಶಾಣ್ಯಾತನ ಇಷ್ಟ: ರೇಸಿನವರ ಹಂಗ ದೊಡ್ಡ ಚಕ್ರಾ ಹಾಕಲಿಲ್ಲ, ಸಣ್ಣದು ಹಾಕಿದ್ರು. ದೊಡ್ಡ ಚಕ್ರಾ ತಿರುಗಲಿಕ್ಕೆ ಹೊತ್ತು ಹಿಡೀತದ, ಕಾಲು ಒತ್ತಿ ಕಾಯಬೇಕು, ಆಮ್ಯಾಲ ಒಮ್ಮೆಲೆ ಒದ್ದಂಗ ಗಾಡಿ ಜಿಗೀತದ. ಸಣ್ಣದು ಲಗೂನ ತಿರುಗತದ, ದಿನಾ ಓಡಿಸೋ ವೇಗದಾಗ ಉಪಯೋಗ ಬೀಳತದ. ಒತ್ತಡ ಮಿತಿ ಮೀರಿದ್ರ ಹೊಗೀನ ಬ್ಯಾರೆ ದಾರಿಗೆ ಬಿಡಲಿಕ್ಕೆ ಒಂದು ಬಾಗಲಾ ಇಟ್ರು. ನಮ್ಮ ಕುಕ್ಕರಿನ ಸೀಟಿ ಗುಂಡು ಇದ್ದಂಗ ಅದು. ನೂರು ಗಾಡಿ ಮಾಡಿ ಪರೀಕ್ಷಾಕ್ಕ ಓಡಿಸಿ, 1977ರಾಗ ಫ್ರಾಂಕ್‌ಫರ್ಟ್ ಪ್ರದರ್ಶನದಾಗ 99 ಟರ್ಬೋ ತೋರಿಸಿದ್ರು. ಎರಡು ಲೀಟರಿನ ಎಂಜಿನ್ ಅದ, ಗಾತ್ರ ಹೆಚ್ಚು ಮಾಡಲಿಲ್ಲ, ಶಕ್ತಿ ಮಾತ್ರ 118ರಿಂದ 145ಕ್ಕ ಏರಿತು.

ಅದರ ಬೆನ್ನಿಗೆ ಬಂದದ್ದು 900. ನಮ್ಮ ಹುಡುಗ ಬಿಚ್ಚಿದ್ದು ಇದನ್ನ. 1978ರಿಂದ 1990ರ ದಶಕದ ಮೊದಲಿನ ತನಕಾ ಒಂಬತ್ತು ಲಕ್ಷದ ಮ್ಯಾಲೆ ಮಾಡ್ಯಾರ. ವಿಚಿತ್ರ ಗಾಡಿ ಅದು. ಎಂಜಿನ್ ಹಿಂದಮುಂದ ಕೂಡಿಸ್ಯಾರ, ಅದರ ಕೆಳಗ ಗೇರ್‌ಬಾಕ್ಸು. ಕೀಲಿ ಹಾಕೋ ಜಾಗಾ ಸ್ಟೇರಿಂಗ್ ಹತ್ರ ಇಲ್ಲ, ಎರಡು ಸೀಟಿನ ನಡುವ. ಗೇರು ರಿವರ್ಸಿಗೆ ಹಾಕದ ಕೀಲಿ ಹೊರಗ ಬರಂಗಿಲ್ಲ. ಎಂಜಿನ್ ಉಲ್ಟಾ ಇದ್ದದ್ದಕ್ಕ ಒಂದು ಲಾಭ ಅದ, ಕ್ಲಚ್ಚು ಮುಂದ ಬರತದ. ಬ್ಯಾರೆ ಗಾಡಿಗೆ ಕ್ಲಚ್ ಬದಲ ಮಾಡಬೇಕಂದ್ರ ಗೇರ್‌ಬಾಕ್ಸ್ ಇಳಿಸಬೇಕು, ಇದಕ್ಕ ಬಾನೆಟ್ ತಗದು ನಿಂತಲ್ಲೆ ಬದಲ ಮಾಡಬಹುದು. ಮನಿಯೊಳಗ ರಿಪೇರಿ ಮಾಡಾವರಿಗೆ ಇದು ದೊಡ್ಡ ಅನುಕೂಲ.

ಇನ್ನ ಅದರಾಗ ಒಂದು ಕಿವಿ ಅದ. 1982ರ ಮಾದರಿಯಿಂದ ಎ.ಪಿ.ಸಿ. ಅನ್ನೋ ಪೆಟ್ಟಿಗಿ ಬಂತು. ಎಂಜಿನ್ ಗ್ವಾಡಿಗೆ ಒಂದು ಸಣ್ಣ ಯಂತ್ರ ಕಚ್ಚಿ ಕೂಡಿಸಿರತಾರ, ಒಳಗ ಕಟಕಟ ಶಬ್ದ ಶುರು ಆತಂದ್ರ ಅದಕ್ಕ ಕೇಳಸತದ, ತಕ್ಷಣ ಒತ್ತಡ ಇಳಿಸತದ. ಪೆಟ್ರೋಲ್ ಹಲಕಾ ಇದ್ರ ತಾನ ಹುಷಾರಾಗತದ. ಆ ಜೆಟ್‌ಫೈರಿಗೆ ಡಬ್ಬಿ ತುಂಬೋ ತ್ರಾಸ ಇತ್ತಲ್ಲಾ, ಅದಕ್ಕ ಸಿಕ್ಕ ಉತ್ತರಾ ಇದು. ಮುಂದ 16 ವಾಲ್ವಿನ ಎಂಜಿನ್ ಬಂದು 175 ಅಶ್ವಶಕ್ತಿ ಆತು.

ಈಗ ಗ್ಯಾರೇಜಿಗೆ ಬರ್ರಿ. ಹಳೇ ಟರ್ಬೋ ಗಾಡಿ ಕೆಡೋದು ಬಿಸಿಯಿಂದ ಮತ್ತ ರಬ್ಬರಿನಿಂದ. ಗಾಳಿ ಹೋಗೋ ಸಣ್ಣ ಸಣ್ಣ ನಳಿಗೋಳು ವರ್ಷಾನುಗಟ್ಟಲೆ ಬಿಸಿ ತಿಂದು ಹಪ್ಪಳದಂಗ ಆಗಿದ್ವು, ಮುಟ್ಟಿದ್ರ ಚೂರು. ಒಂದರಾಗ ಸೀಳು ಬಿಟ್ರೂ ಒತ್ತಡದ ಲೆಕ್ಕಾ ತಪ್ಪತದ. ಹುಡುಗ ಎಲ್ಲಾ ಕಿತ್ತು ಸಿಲಿಕೋನಿನವು ಹಾಕಿದ. ಆಮ್ಯಾಲ ಟರ್ಬೋ ಬಿಚ್ಚಿ ದಂಡನ್ನ ಬೆರಳಿಂದ ಅಲ್ಲಾಡಿಸಿ ತೋರಿಸಿದ, "ದೊಡ್ಡವ್ವ, ಇದು ಅಲ್ಲಾಡಬಾರದು ನೋಡು." ಲಡಲಡ ಅಂತಿತ್ತು. ಒಳಗ ಕರ್ರನ ಕಿಟ್ಟಾ. ಒಗ್ಗರಣಿ ಎಣ್ಣಿ ಸೀದು ತಳಕ್ಕ ಹತ್ತಿರತದಲ್ಲಾ, ಅದರಂಗನ. ಜೋರ ಓಡಿಸಿ ಬಂದು ತಟ್ಟನ ಎಂಜಿನ್ ಬಂದ್ ಮಾಡಿದ್ರ ಆ ಚಕ್ರದ ಹತ್ರ ಎಣ್ಣಿ ನಿಂತಲ್ಲೆ ನಿಂತು ಸುಟ್ಟ ಹೋಗತದ. ಅದಕ್ಕ ಹಳೇ ಟರ್ಬೋ ಗಾಡಿಯನ್ನ ನಿಲ್ಲಿಸಿದ ಮ್ಯಾಲೆ ಒಂದೆರಡು ನಿಮಿಷ ಸುಮ್ನ ತಿರುಗಲಿಕ್ಕೆ ಬಿಡಬೇಕು. ಮುಂದ ಬಂದವುಕ್ಕ ನೀರಿನ ತಂಪು ಕೊಟ್ರು. ಇಂವಾ ಒಳಗಿನ ಭಾಗ ನೀರಿನದ್ದ ತರಿಸಿ ಹಾಕಿದ.

ನನ್ನ ಪಾಲಿಗೆ ಬಂದದ್ದು ಚಾವಣಿ. ಈ 900 ಗಾಡಿಯ ಚಾವಣಿ ಬಟ್ಟಿ ಜೋತು ಬೀಳೋದು ಊರಿಗೆಲ್ಲಾ ಗೊತ್ತಿದ್ದ ರೋಗ. ಬಟ್ಟಿ ಹಿಂದಿನ ಸ್ಪಂಜು ಪುಡಿ ಆಗಿ, ಬಟ್ಟಿ ಪರದೆ ಹಂಗ ತಲಿಗೆ ಬಡೀತದ. ಅಚ್ಚನ್ನ ಹೊರಗ ತಗದು ಅಂಗಳದಾಗ ಇಟ್ವಿ. ಹಳೇ ಸ್ಪಂಜು ಬ್ರಷ್ಷಿನಿಂದ ತಿಕ್ಕಿ ತಗೀಲಿಕ್ಕೆ ಅರ್ಧಾ ದಿನಾ, ಮೂಗು-ಬಾಯಿ ತುಂಬ ಅಂಬಲಿ ಹಿಟ್ಟಿನಂಥಾ ಧೂಳು. ಹೊಸಾ ಬಟ್ಟಿಗೆ ಅಂಟು ಹೊಡದು, ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗೂತನಕಾ ಅಂಗೈಲೆ ಸವರಕೋತ ಹೋಗಬೇಕು. ಬ್ಲೌಜಿಗೆ ಅಸ್ತರ ಕೂಡಿಸಿದ ಕೈಗೆ ಇದೇನ ಹೇಳಿ ಕೊಡಬೇಕಾಗಿಲ್ಲ. ಒಂದ ನಿರಿಗಿ ಸೈತ ಬೀಳಲಿಲ್ಲ ಅಂತ ಹೇಳಿಕೊಳ್ಳಲಿಕ್ಕೆ ನನಗ ನಾಚಿಕಿ ಇಲ್ಲ.

ಜಗಳಾ ಆದದ್ದು ಶಕ್ತಿ ಏರಸೋದರ ಮ್ಯಾಲೆ. ಹಳೇ ಟರ್ಬೋ ಗಾಡಿ ತಗೊಂಡ ಹುಡುಗರಿಗೆಲ್ಲಾ ಒಂದ ಹುಚ್ಚು, ಒತ್ತಡ ಏರಸೋದು. ಆ ಎ.ಪಿ.ಸಿ. ಪೆಟ್ಟಿಗಿಯೊಳಗ ಸಣ್ಣ ಸ್ಕ್ರೂ ಅವ. ಒಂದು ತಿರುಗಿಸಿದ್ರ ಒತ್ತಡ ಏರತದ, ಇನ್ನೊಂದು ಆ ಕಿವಿ ಚುರುಕನ್ನ ಕಡಿಮಿ ಮಾಡತದ. ಎಂಜಿನ್ ಬಡಕೊಂಡ್ರೂ ಕೇಳಸಬಾರದಂತ! ಒತ್ತಡ ಭಾಳ ಆದ್ರ ಪೆಟ್ರೋಲ್ ಬಂದ್ ಮಾಡೋ ಸ್ವಿಚ್ಚೂ ಅದ, ಅದನ್ನೂ ಕೆಲವರು ತಪ್ಪಿಸಿಬಿಡತಾರ. ಗಾಳಿ ಹೆಚ್ಚು ತುಂಬಿ ಪೆಟ್ರೋಲ್ ಅದರ ಲೆಕ್ಕಕ್ಕ ಹೋಗಲಿಲ್ಲ ಅಂದ್ರ ಒಳಗಿನ ಉರಿ ಪಿಸ್ಟನ್ನನ್ನ ಕರಗಿಸತದ.

ತಂಗಿ ಅಳಲಿಲ್ಲ, ಚೀರಲಿಲ್ಲ. ಎರಡು ದಿನಾ ಮಗನ ಜೋಡಿ ಮಾತ ಬಿಟ್ಲು. ಮಗ್ಗಲ ಮನಿಯೊಳಗ ಒಬ್ರು ವಯಸ್ಸಾದಾವರು ಇದ್ದಾರ, ಟ್ರೋಲ್‌ಹೆಟ್ಟನ್ ಊರಿನ ಸಾಬ್ ಕಾರಖಾನ್ಯಾದಾಗ ದುಡದಾವರು. ಅವರು ಬಂದು ಹುಡುಗಗ ಬೈಯಲಿಲ್ಲ, ಗೇರ್‌ಬಾಕ್ಸಿನ ಕಡೆ ಬೆರಳು ಮಾಡಿ ನಕ್ರು ಅಷ್ಟ. ಎಂಜಿನ್ ಗಟ್ಟಿ ಅದ, ಎಷ್ಟು ಕೊಟ್ರೂ ತಿಂತದ, ಕೆಳಗಿನ ಗೇರ್‌ಬಾಕ್ಸ್ ತಡಿಯಂಗಿಲ್ಲಾ ಅಂತ. ಅದರ ಮೂಲ 99 ಗಾಡಿಯ ಕಾಲದ್ದು, ಆ ಗಾಡಿ ಶುರು ಆದಾಗ 80 ಅಶ್ವಶಕ್ತಿ ಇತ್ತಂತ. ತಾಯಿ ಹೇಳಿದ್ದು ಕೇಳದ ಹುಡುಗ ಗೇರ್‌ಬಾಕ್ಸಿನ ಮಾತು ಕೇಳಿದ. ಒತ್ತಡ ಕಂಪನಿ ಇಟ್ಟಷ್ಟ ಇರಲಿ ಅಂದ. ಒಳಗ ಹೋಗೋ ಗಾಳಿ ತಂಪು ಮಾಡೋ ಇಂಟರ್‌ಕೂಲರ್ ದೊಡ್ಡದು ಹಾಕಿದ, ಹೊಗಿ ಸರಾಗ ಹೋಗಲಿ ಅಂತ ಸೈಲೆನ್ಸರ್ ಅಗಲಾದು ಹಾಕಿದ, ಬ್ರೇಕ್ ಎಲ್ಲಾ ಹೊಸಾವು. ಮೊದಲ ಬ್ರೇಕ್ ಮಾಡಬೇಕು, ಆಮ್ಯಾಲ ಉಳದದ್ದು ಅಂತ ತಂಗಿ ಕರಾರು ಹಾಕಿದ್ಲು, ಅದನ್ನೂ ಪಾಲಿಸಿದ.

ಆ ಟ್ರೋಲ್‌ಹೆಟ್ಟನ್ನಿಗೆ ಒಂದು ದಿನಾ ನಮ್ಮನ್ನ ಕರಕೊಂಡು ಹೋಗಿದ್ರು. ಅಮೆರಿಕಾದ ಜನರಲ್ ಮೋಟರ್ಸ್ ಸಾಬ್ ಕಾರ್ ಕಂಪನಿಯನ್ನ 1990ರ ಹೊತ್ತಿಗೆ ಅರ್ಧಾ, 2000ದಾಗ ಪೂರಾ ತಗೊಂಡಿತ್ತು. ಆಮ್ಯಾಲ ಕೈ ಬಿಟ್ಟಿತು. 2011ರ ಡಿಸೆಂಬರ್ 19ಕ್ಕ ದಿವಾಳಿ, ಕ್ರಿಸ್‌ಮಸ್ಸಿಗೆ ಆರು ದಿನಾ ಇದ್ದಾಗ. ಮೂರು ಸಾವಿರದ ಮ್ಯಾಲೆ ಮಂದಿ ಕೆಲಸಾ ಹೋತು. ನಮ್ಮ ಕಡೆ ಮಿಲ್ಲು ಮುಚ್ಚಿದಾಗ ಓಣಿ ಓಣಿ ಹೆಂಗ ಸೊರಗಿದ್ವು ನೀವ ನೋಡೀರಿ. ಮ್ಯೂಸಿಯಮ್ಮಿನ ಗಾಡಿಗೋಳನ್ನೂ ಹರಾಜಿಗೆ ಇಟ್ರಂತ. ಊರಿನ ನಗರಸಭಾ, ವಿಮಾನದ ಸಾಬ್ ಕಂಪನಿ, ವಾಲೆನ್‌ಬರ್ಗ್ ಪ್ರತಿಷ್ಠಾನ ಮೂರೂ ಕೂಡಿ 2.8 ಕೋಟಿ ಕ್ರೋನಾ ಕೊಟ್ಟು ಎಲ್ಲಾನೂ ಉಳಿಸಿಕೊಂಡ್ರು. ಅದರಾಗ ನಾನೂ ಆ ಮೊದಲಿನ ಹಸಿರು ಬಣ್ಣದ ಕಾರು ನೋಡಿದೆ.

ಬಿಡಿಭಾಗ ಮಾರೋ ಕಂಪನಿ ಮಾತ್ರ ಮುಳುಗಲಿಲ್ಲ. ಸ್ವೀಡನ್ ಸರಕಾರ ತನ್ನ ಕೈಗೆ ತಗೊಂಡು ಓರಿಯೋ ಅಂತ ಹೆಸರು ಬದಲ ಮಾಡಿ ನಡಸಿತು. ಅದಿರಲಿಲ್ಲ ಅಂದ್ರ ಇಂಥಾ ಗ್ಯಾರೇಜಿನಾಗಿನ ಗಾಡಿ ಎಲ್ಲಾ ಗುಜರಿಗೆ. ಅಲ್ಲಿ ಮೂವತ್ತು ವರ್ಷ ದಾಟಿದ ಗಾಡಿಗೆ ವಾಹನ ತೆರಿಗಿ ಇಲ್ಲ, ತಪಾಸಣಿ ಮಾತ್ರ ಬಿಡಂಗಿಲ್ಲ. ಹೋದ ತಿಂಗಳು ಹುಡುಗ ತಪಾಸಣಿಗೆ ಒಯ್ದಿದ್ದ. ಎಲ್ಲಾ ಪಾಸು, ಹಿಂದಿನ ಎಡಗಡೆ ಬ್ರೇಕಿನ ನಳಿ ಒಂದು ಬದಲ ಮಾಡು ಅಂತ ಬರದ ಕೊಟ್ಟಾರಂತ. ಅದನ್ನ ಫೋನಿನ್ಯಾಗ ಹೇಳಿದಾಕಿ ತಂಗಿ, ಯಾಕಂದ್ರ ತಪಾಸಣಿಗೆ ಗಾಡಿಯೊಳಗ ಮಗ್ಗಲ ಸೀಟಿನಾಗ ಕೂತು ಹೋದಾಕಿ ಆಕೀನ.